ಅಪ್‌ಡೇಟ್: ಮೋವರ್ ಡೆಕ್‌ನ ನಡುಕ ನಿಂತಿತು

ಕೂತು ಓಡಿಸಿ ಹುಲ್ಲು ಕತ್ತರಿಸುವ ರೈಡಿಂಗ್ ಮೋವರ್‌ನಲ್ಲಿ ಬ್ಲೇಡ್ ಆನ್ ಮಾಡಿದ ಕೂಡಲೇ ಡೆಕ್ (ಬ್ಲೇಡುಗಳನ್ನು ಮುಚ್ಚಿರುವ ಅಡಿಯ ಕವಚ) ಗಡಗಡ ನಡುಗುತ್ತದೆ, ಹುಲ್ಲು ಒಂದು ಪಕ್ಕ ಉದ್ದ ಉಳಿಯುತ್ತದೆ, ಏನು ಕಾರಣ ಎಂದು ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸ್ಪಿಂಡಲ್ (ಬ್ಲೇಡನ್ನು ತಿರುಗಿಸುವ ದಂಡ) ನೋಡಿ ಎಂದವರ ಮಾತೇ ನಿಜವಾಯಿತು.

ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿಟ್ಟು, ಬೆಲ್ಟ್ ಬಿಚ್ಚಿ, ಡೆಕ್ ಹೊರಗೆಳೆದೆ. ಸ್ಪಿಂಡಲ್‌ಗಳ ಮೇಲಿನ, ಬೆಲ್ಟ್ ಸುತ್ತುವ ಪುಲ್ಲಿಗಳನ್ನು ಕೈಯಲ್ಲೇ ತಿರುಗಿಸಿದಾಗ ಎಡಗಡೆಯದು ಮಾತ್ರ ಕರಕರ ಎಂದಿತು. ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಸಡಿಲ ಕೈಗೇ ಗೊತ್ತಾಗುತ್ತಿತ್ತು. ಬೇರಿಂಗ್ ಒಳಗೆ ಗ್ರೀಸ್ ಒಣಗಿ, ತುಕ್ಕಿನ ಪುಡಿ ಉದುರಿತು. ಹೌಸಿಂಗ್ (ಬೇರಿಂಗ್ ಕೂರುವ ಕವಚ) ಬಿರುಕು ಬಿಟ್ಟಿರಲಿಲ್ಲ, ಹಾಗಾಗಿ ಬೇರಿಂಗ್ ಜೋಡಿಯನ್ನಷ್ಟೇ ಬದಲಿಸಿದೆ.

ಡೆಕ್ ಅಡಿಯಲ್ಲಿ ಮೆತ್ತಿಕೊಂಡಿದ್ದ ಹಳೇ ಹುಲ್ಲನ್ನೂ ಕೆರೆದು ತೆಗೆದೆ. ಅದು ತೇವ ಹಿಡಿದಿಟ್ಟ ಕಡೆಯೆಲ್ಲ ತುಕ್ಕು ಶುರುವಾಗಿತ್ತು. ಬ್ಲೇಡ್ ಸಾಣೆ ಹಿಡಿದ ಮೇಲೆ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ: ಯಾವ ತುದಿ ಕೆಳಗೆ ವಾಲುತ್ತದೋ ಅದನ್ನು ಇನ್ನಷ್ಟು ಸವೆಸಬೇಕು. ಹೀಗೆ ಎರಡೂ ತುದಿಯ ತೂಕ ಸಮ ಮಾಡದಿದ್ದರೆ ಹೊಸ ಬೇರಿಂಗೂ ಬೇಗ ಹಾಳಾಗುತ್ತದೆ.

ಡೆಕ್ ಮತ್ತೆ ಕೂರಿಸಿ, ಟೈರ್‌ಗಳ ಗಾಳಿ ಸರಿಮಾಡಿ, ಸಮತಟ್ಟು ನೆಲದ ಮೇಲೆ ಅಳೆದೆ. ಎಡ ಬಲ ಒಂದೇ ಎತ್ತರ, ಮುಂಭಾಗ ಮಾತ್ರ ಹಿಂಭಾಗಕ್ಕಿಂತ ಸುಮಾರು 5 ಮಿ.ಮೀ. ತಗ್ಗು. ಈಗ ನಡುಕವಿಲ್ಲ, ಹುಲ್ಲೂ ಸಮನಾಗಿ ಕತ್ತರಿಸುತ್ತಿದೆ. ಬಲಗಡೆಯ ಸ್ಪಿಂಡಲ್ ಗಟ್ಟಿಯಾಗಿದೆ, ಸದ್ಯಕ್ಕೆ ಅದನ್ನು ಮುಟ್ಟಿಲ್ಲ.