ನಮ್ಮ ಬೀದಿ ಗುಂಪು – ಮನೆ 17ರ ಸಿಲಿಂಡರ್ ಬೆಂಕಿ: ಇನ್ನಾದ್ರೂ ಏನಾದ್ರೂ ಮಾಡ್ತೀವಾ?

ಮನೆ 12: ನಿನ್ನೆ ರಾತ್ರಿ ಬಂದವರಲ್ಲಿ ಅರ್ಧ ಜನ ಬಾಗಿಲಲ್ಲಿ ನಿಂತು ವಿಡಿಯೋ ಮಾಡ್ತಿದ್ರು! ರೆಗ್ಯುಲೇಟರ್ ಹತ್ರ ಉರೀತಿದ್ರೆ ಬಕೆಟ್ ನೀರು ಎರಚಿದ ಮಹಾನುಭಾವರು ಯಾರು?

ಮನೆ 9: ತಪ್ಪು 17ರವರದ್ದೇ. ಪೈಪ್ ಮೇಲಿನ ಇಸವಿ 2017. ಸುರಕ್ಷಾ ಪೈಪ್ ಐದು ವರ್ಷಕ್ಕೆ ಬದಲಾಯಿಸ್ಬೇಕು.

ಮನೆ 17: ಪೈಪ್ ಅಲ್ಲ ಸಾರ್. ಹೊಸ ಸಿಲಿಂಡರ್, ವಾಲ್ವ್ ಒಳಗಿನ ರಬ್ಬರ್ ವಾಷರ್ ಸೀಳಿತ್ತು.

ಮನೆ 9: ಸೋಪಿನ ನೊರೆ ಹಚ್ಚಿ ನೋಡಿದ್ರೆ ಗುಳ್ಳೆ ಕಾಣ್ತಿತ್ತಲ್ಲ. ನಾನು ಎರಡು ವರ್ಷದಿಂದ ಬಡ್ಕೊಳ್ತಿದ್ದೀನಿ.

ಮನೆ 4: ಜಗಳ ಆಮೇಲೆ. ದಪ್ಪ ಹತ್ತಿ ಟವೆಲ್ ಒದ್ದೆ ಮಾಡಿ ಹಿಂಡಿ, ಎರಡೂ ಕೈ ಮುಚ್ಚೋ ಹಾಗೆ ಹಿಡ್ಕೊಂಡು, ಪಕ್ಕದಿಂದ ಬಗ್ಗಿ ಹೋಗಿ ವಾಲ್ವ್ ಮೇಲೆ ಹೊದಿಸಿ. ಬಟ್ಟೆ ಮೇಲಿಂದಲೇ ರೆಗ್ಯುಲೇಟರ್ ನಾಬ್ ಆಫ್ ಮಾಡಿ. ಗ್ಯಾಸ್ ನಿಂತ್ರೆ ಬೆಂಕಿ ತಾನಾಗೇ ಆರುತ್ತೆ. ಆಮೇಲೆ ರೆಗ್ಯುಲೇಟರ್ ತೆಗೆದು, ದಾರ ಕಟ್ಟಿರೋ ಸೇಫ್ಟಿ ಕ್ಯಾಪ್ ಒತ್ತಿ ಹಾಕಿ. ನಾಬ್ ಕೈಗೆಟುಕದಿದ್ರೆ ಬೆಂಕಿ ಆರಿಸೋಕೆ ಹೋಗ್ಲೇಬೇಡಿ. ಬೆಂಕಿ ಆರಿ ಗ್ಯಾಸ್ ಮಾತ್ರ ಸೋರ್ತಾ ಇದ್ರೆ ಅದೇ ಹೆಚ್ಚು ಅಪಾಯ. ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬ್ಕೊಂಡು ಒಂದು ಕಿಡಿಗೆ ಭಗ್ ಅನ್ನುತ್ತೆ. ಎಲ್ರನ್ನೂ ಕರ್ಕೊಂಡು, ಅಡುಗೆಮನೆ ಬಾಗಿಲು ಎಳ್ಕೊಂಡು ಹೊರಗೆ ಬನ್ನಿ, 101ಕ್ಕೆ ಫೋನ್ ಮಾಡಿ.

ಮನೆ 9: ಸಿಲಿಂಡರನ್ನ ಹೊರಗೆ ಉರುಳಿಸಿಬಿಟ್ರೆ ಮುಗೀತು.

ಮನೆ 4: ಬೇಡವೇ ಬೇಡ. ಮಲಗಿಸಿದ್ರೆ ಆವಿ ಬದಲು ದ್ರವ ಚಿಮ್ಮುತ್ತೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗುತ್ತೆ.

ಮನೆ 21: *ಫಾರ್ವರ್ಡ್* ⚠️ ಸಿಲಿಂಡರ್ ಮೇಲೆ ಸಿ-27 ಅಂತಿದ್ರೆ ಅದು ಎಕ್ಸ್‌ಪೈರಿ!! 10 ಗುಂಪಿಗೆ ಕಳಿಸಿ 🙏

ಮನೆ 4: ಎಕ್ಸ್‌ಪೈರಿ ಅಲ್ಲ, ಮುಂದಿನ ಪರೀಕ್ಷೆಯ ಗಡುವು. ಸಿ ಅಂದ್ರೆ ಜುಲೈ–ಸೆಪ್ಟೆಂಬರ್, 27 ಅಂದ್ರೆ 2027.

ಮನೆ 21: ನಮ್ಮೆಜಮಾನ್ರಿಗಿಂತ ಸಿಲಿಂಡರ್ ವಾಸಿ, ಚೆಕಪ್ ತಪ್ಪಿಸಲ್ಲ 😂

ಮನೆ 15: ಬರೀ ವಾಸನೆ ಬಂದ್ರೆ ಎಕ್ಸಾಸ್ಟ್ ಫ್ಯಾನ್ ಹಾಕ್ಬಹುದಾ?

ಮನೆ 4: ಯಾವ ಸ್ವಿಚ್ಚನ್ನೂ ಹಾಕ್ಬೇಡಿ, ಆರಿಸ್ಲೂಬೇಡಿ. ಎರಡಕ್ಕೂ ಕಿಡಿ ಹಾರುತ್ತೆ. ನಾಬ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಸೋರಿಕೆಗೆ ಅಂತಲೇ 1906 ಇದೆ, ಫೋನ್ ಮಾತ್ರ ಹೊರಗೆ ಬಂದು ಮಾಡಿ.

ಮನೆ 2: ಭಾನುವಾರ 10ಕ್ಕೆ ಡೆಮೊ ಇಟ್ಕೊಳ್ಳೋಣ. ಬೀದಿಗೆ ಎರಡು ಎಬಿಸಿ ಪೌಡರ್ ಎಕ್ಸ್‌ಟಿಂಗ್ವಿಷರ್ ಕೂಡ ತಗೊಳ್ಳೋಣ. ಯಾರ್ಯಾರು ಬರ್ತೀರಿ?

ಮನೆ 9: ದುಡ್ಡು ಯಾರು ಕೊಡ್ತಾರೆ? ಅದಿರ್ಲಿ, ಫೈರ್ ಎಂಜಿನ್ ಒಳಗೆ ಬರೋದು ಹೇಗೆ? ತಿರುವಿನಲ್ಲಿ 6ರವರ ಕಾರು.

ಮನೆ 6: ನನ್ನದಲ್ಲ, 11ರವರ ಮನೆಗೆ ಬಂದ ನೆಂಟರದ್ದು.

ಮನೆ 11: ನಿಮ್ಮ ಜಲ್ಲಿ ರಾಶಿ ಮೊದಲು ತೆಗೀರಿ, ಆಮೇಲೆ ನೆಂಟರ ಮಾತು.

ಮನೆ 9: ನಾನು ಹೇಳಿದ್ದು ಇದನ್ನೇ!

ಮನೆ 2: ಸರಿ, ಹಾಗಾದ್ರೆ ಭಾನುವಾರ ಪಾರ್ಕಿಂಗ್ ಮೀಟಿಂಗ್. ಎಲ್ರೂ ಗಾಡಿ ನಂಬರ್ ಹಾಕಿ.