ಎಲೆ ಹಸಿರಿರುವಾಗಲೇ ಬಾಡುತ್ತಿರುವ ಬಟಾಟಿ

ಪ್ರಶ್ನೆ – ಧಾರವಾಡ ತಾಲ್ಲೂಕಿನ ರೈತ
ಮುಂಗಾರಿನಲ್ಲಿ ಮಸಾರಿ ಹೊಲದಲ್ಲಿ ನಾಟಿ ಮಾಡಿದ 2 ಎಕರೆ ಬಟಾಟಿಗೆ ಈಗ 50 ದಿನಗಳಾಗಿವೆ. ತಗ್ಗಿನ ಸಾಲುಗಳಲ್ಲಿ ಕೆಲವು ಗಿಡಗಳು ಮಧ್ಯಾಹ್ನ ಜೋತುಬಿದ್ದು ಸಂಜೆಗೆ ಚೇತರಿಸಿಕೊಳ್ಳುತ್ತಿದ್ದವು. ಈಗ ಅದೂ ನಿಂತಿದೆ. ಎಲೆ ಹಳದಿಯಾಗಿಲ್ಲ, ಅಂಗಮಾರಿಯ ಮಚ್ಚೆಯೂ ಇಲ್ಲ. ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕವನ್ನು ಎರಡು ಬಾರಿ ಸಿಂಪಡಿಸಿದರೂ ಫಲ ಸಿಕ್ಕಿಲ್ಲ. ಇದು ಯಾವ ರೋಗ?

ಉತ್ತರ 1 – ಸಸ್ಯರೋಗಶಾಸ್ತ್ರದ ವಿದ್ಯಾರ್ಥಿ
ತಾವು ಹೇಳಿದ ಲಕ್ಷಣಗಳು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗವನ್ನು ಸೂಚಿಸುತ್ತವೆ. ರಾಲ್‌ಸ್ಟೋನಿಯಾ ಸೊಲನೇಸಿಯಾರಮ್ ಎಂಬ ದುಂಡಾಣು ಬೇರಿನ ಗಾಯದ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳಲ್ಲಿಯೇ ಬೆಳೆಯುವುದರಿಂದ, ಹೊಲದಲ್ಲಿ ಹಸಿ ಇದ್ದರೂ ಗಿಡ ಬಾಡುತ್ತದೆ. ಶಿಲೀಂಧ್ರನಾಶಕ ಅದಕ್ಕೆ ತಾಗುವುದಿಲ್ಲ. ಖಚಿತಪಡಿಸಿಕೊಳ್ಳಲು, ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಇಳಿದರೆ ಅನುಮಾನ ಬೇಡ. ಶಿಲೀಂಧ್ರದ ಸೊರಗು ರೋಗದಲ್ಲಿ ಈ ಎಳೆ ಕಾಣುವುದಿಲ್ಲ.

ಪ್ರಶ್ನಿಸಿದವರು
ಲೋಟದಲ್ಲಿ ಎಳೆ ಇಳಿಯಿತು. ಕಿತ್ತ ಗಡ್ಡೆಗಳ ಕಣ್ಣಿಗೆ ಮಣ್ಣು ಅಂಟಿಕೊಂಡಿದೆ. ಕತ್ತರಿಸಿದರೆ ಒಳಗೆ ಕಂದು ಉಂಗುರ, ಅದುಮಿದರೆ ಬಿಳಿ ಲೋಳೆ. ಮೇಲಿನ ಸಾಲುಗಳ ಗಡ್ಡೆ ಚೊಕ್ಕಟವಾಗಿದೆ. ಅದನ್ನಾದರೂ ಬೀಜಕ್ಕೆ ಇಡಬಹುದೇ?

ಉತ್ತರ 2 – ಕಲಘಟಗಿ ಕಡೆಯ ಬೆಳೆಗಾರ
ದಯವಿಟ್ಟು ಇಡಬೇಡಿ. ಕಣ್ಣಿಗೆ ಚೊಕ್ಕಟ ಕಂಡ ಗಡ್ಡೆಯಲ್ಲಿಯೂ ದುಂಡಾಣು ಅಡಗಿರಬಹುದು. ಹಾಗೆ ಇಟ್ಟ ಬೀಜದಿಂದಲೇ ನನ್ನ ಇನ್ನೊಂದು ಹೊಲವೂ ಕೆಟ್ಟಿತು. ಗಡ್ಡೆಯನ್ನು ಕೊಯ್ದು ನಾಟಿ ಮಾಡುವ ನಮ್ಮ ರೂಢಿಯೂ ಅಪಾಯಕಾರಿ, ಏಕೆಂದರೆ ಒಂದು ರೋಗದ ಗಡ್ಡೆಯನ್ನು ಕೊಯ್ದ ಕುಡಗೋಲು ಮುಂದಿನ ಗಡ್ಡೆಗಳಿಗೆಲ್ಲ ರೋಗ ಹಚ್ಚುತ್ತದೆ. ಬಾಡಿದ ಗಿಡಗಳನ್ನು ಗಡ್ಡೆ, ಬೇರು ಸಹಿತ ತೆಗೆದು ಹೊಲದ ಹೊರಗೆ ಆಳವಾಗಿ ಹೂಳಿರಿ. ತಿಪ್ಪೆಗೆ ಹಾಕಿದರೆ ಗೊಬ್ಬರದೊಂದಿಗೆ ಮರಳಿ ಬರುತ್ತದೆ. ಆ ಸಾಲುಗಳ ನೀರು ಪಕ್ಕದವರ ಹೊಲಕ್ಕೆ ಹರಿಯದಂತೆ ಬದು ಕಟ್ಟಿರಿ. ಇನ್ನು ಎಡೆ ಹೊಡೆದು ಬೇರು ಹರಿಯುವುದೂ ಬೇಡ.

ಉತ್ತರ 1 – ಸಸ್ಯರೋಗಶಾಸ್ತ್ರದ ವಿದ್ಯಾರ್ಥಿ
ಅಂಟಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಪ್ರತಿಜೈವಿಕ ಸಿಂಪಡಣೆಗೂ ಹಣ ಕಳೆಯಬೇಡಿ. ಆ ಹೊಲದಲ್ಲಿ ಕನಿಷ್ಠ 2–3 ವರ್ಷ ಬಟಾಟಿ, ಟೊಮೆಟೊ, ಬದನೆ, ಮೆಣಸಿನಕಾಯಿ ಬಿಟ್ಟು ಗೋವಿನಜೋಳ, ಜೋಳ ಅಥವಾ ಉಳ್ಳಾಗಡ್ಡಿ ಬೆಳೆಯಿರಿ, ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಮಣ್ಣನ್ನು ಬಿಸಿಲಿಗೆ ಒಡ್ಡಿರಿ. ಮರಳಿ ಬಟಾಟಿ ಹಾಕುವಾಗ ಪ್ರಮಾಣಿತ ಬೀಜದ ಇಡೀ ಗಡ್ಡೆಗಳನ್ನೇ ಬಳಸಿ, ಹೆಕ್ಟೇರಿಗೆ 12 ಕಿಲೋ, ಅಂದರೆ ಎಕರೆಗೆ ಸುಮಾರು 5 ಕಿಲೋ ಬ್ಲೀಚಿಂಗ್ ಪೌಡರನ್ನು ನಾಟಿಯ ಸಾಲಿಗೆ ಹಾಕಬಹುದು. ಅದು ರೋಗವನ್ನು ತಗ್ಗಿಸುತ್ತದೆಯೇ ಹೊರತು, ರೋಗದ ಬೀಜವನ್ನು ಶುದ್ಧಗೊಳಿಸುವುದಿಲ್ಲ.