ಪೈಥಾನ್‌ನ ಏಸಿಂಕ್ ರಿಕ್ವೆಸ್ಟ್: ಬಂದ ಉತ್ತರವನ್ನು ಎಲ್ಲಿ ಓದಬೇಕು?

ಪ್ರಶ್ನೆ: ಏಐಒಎಚ್‌ಟಿಟಿಪಿ (aiohttp, ಒಂದಕ್ಕೊಂದು ಕಾಯದೆ ಹಲವು ವೆಬ್ ರಿಕ್ವೆಸ್ಟ್ ಕಳುಹಿಸುವ ಪೈಥಾನ್ ಲೈಬ್ರರಿ) ಬಳಸಿ 200 ವಿಳಾಸಗಳಿಗೆ ಒಟ್ಟಿಗೆ ರಿಕ್ವೆಸ್ಟ್ ಕಳುಹಿಸಿ, ಬಂದ ರೆಸ್ಪಾನ್ಸ್‌ಗಳನ್ನು ಒಂದು ಪಟ್ಟಿಗೆ ಸೇರಿಸುತ್ತಿದ್ದೇನೆ. ಸ್ಟೇಟಸ್ ಸರಿಯಾಗಿಯೇ ಕಾಣುತ್ತದೆ. ಪಠ್ಯವನ್ನು ಓದಲು ಹೋದರೆ ಸಂಪರ್ಕ ಮುಚ್ಚಿದೆ ಎಂಬ ಎರರ್ ಬರುತ್ತದೆ. ಒಂದು ವಿಳಾಸ ಕೈಕೊಟ್ಟರೆ ಉಳಿದವುಗಳ ಫಲಿತಾಂಶವೂ ಸಿಗುವುದಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಾನೂ ಇದೇ ತೊಡಕಿನಲ್ಲಿ ಎರಡು ದಿನ ಕಳೆದಿದ್ದೇನೆ. ಈ ಲೈಬ್ರರಿಯಲ್ಲಿ ಹೆಡರ್‌ಗಳು ತಲುಪಿದ ಕೂಡಲೇ ರೆಸ್ಪಾನ್ಸ್ ನಿಮ್ಮ ಕೈಗೆ ಬರುತ್ತದೆ, ಆದರೆ ಬಾಡಿ (ಉತ್ತರದ ಮುಖ್ಯ ಪಠ್ಯ) ಇನ್ನೂ ಬರುತ್ತಲೇ ಇರಬಹುದು. ಸ್ಟೇಟಸ್ ಅನ್ನು ನೇರವಾಗಿ ನೋಡಬಹುದಾದರೂ ಟೆಕ್ಸ್ಟ್, ಜೇಸನ್‌ಗಳನ್ನು ಅವೇಟ್ ಮಾಡಿಯೇ (ಅಂದರೆ ಬರುವವರೆಗೆ ಕಾದು) ಪಡೆಯಬೇಕಾಗಿರುವುದು ಈ ಕಾರಣಕ್ಕೇ. ರಿಕ್ವೆಸ್ಟ್ ಕಳುಹಿಸುವ ಏಸಿಂಕ್ ವಿತ್ (async with) ಬ್ಲಾಕ್ ಮುಗಿದೊಡನೆ ಲೈಬ್ರರಿ ಆ ಸಂಪರ್ಕವನ್ನು ಬಿಟ್ಟುಕೊಡುವುದರಿಂದ, ಆಮೇಲೆ ಓದಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಬ್ಲಾಕ್‌ನ ಒಳಗೇ ಬಾಡಿಯನ್ನು ಪೂರ್ತಿ ಓದಿ, ವಿಳಾಸ, ಸ್ಟೇಟಸ್, ಪಠ್ಯ ಈ ಮೂರನ್ನು ಮಾತ್ರ ಫಂಕ್ಷನ್‌ನಿಂದ ಹಿಂದಿರುಗಿಸಿ. ರೆಸ್ಪಾನ್ಸ್ ಆಬ್ಜೆಕ್ಟ್ ಅಲ್ಲಿಂದ ಹೊರಗೆ ಬರಲೇಬಾರದು. ಸೆಷನ್ (ಸಂಪರ್ಕಗಳನ್ನು ನಿಭಾಯಿಸುವ ಆಬ್ಜೆಕ್ಟ್) ಮಾತ್ರ ಎಲ್ಲ ರಿಕ್ವೆಸ್ಟ್‌ಗಳಿಗೂ ಒಂದೇ ಇರಲಿ.

ಉತ್ತರ 2: ಮೇಲಿನ ಮಾತು ಸರಿ. ನಿಮ್ಮ ಎರಡನೆಯ ತೊಂದರೆಗೆ ಗ್ಯಾದರ್ (ಹಲವು ಟಾಸ್ಕ್‌ಗಳನ್ನು ಒಟ್ಟಿಗೆ ನಡೆಸುವ asyncio.gather ಫಂಕ್ಷನ್) ಕಾರಣವೆಂದು ತೋರುತ್ತದೆ. ಮೊದಲ ಎಕ್ಸೆಪ್ಷನ್ (ದೋಷದ ಸೂಚನೆ) ಬಂದೊಡನೆ ಅದು ನಿಮ್ಮ ಕೋಡಿಗೆ ದಾಟಿಬಿಡುತ್ತದೆ. ಉಳಿದ ಟಾಸ್ಕ್‌ಗಳು ರದ್ದಾಗದೆ ಹಿಂದೆ ನಡೆಯುತ್ತಲೇ ಇದ್ದರೂ ಅವುಗಳ ಫಲಿತಾಂಶದ ಪಟ್ಟಿ ನಿಮಗೆ ಸಿಗುವುದಿಲ್ಲ. ಗ್ಯಾದರ್‌ನ ರಿಟರ್ನ್ ಎಕ್ಸೆಪ್ಷನ್ಸ್ (return_exceptions) ಎಂಬ ಆಯ್ಕೆಯನ್ನು ಟ್ರೂ ಮಾಡಿದರೆ, ವಿಫಲವಾದದ್ದರ ಜಾಗದಲ್ಲಿ ಎಕ್ಸೆಪ್ಷನ್ ಕುಳಿತು, ನೀವು ಕೊಟ್ಟ ಕ್ರಮದಲ್ಲೇ ಇಡೀ ಪಟ್ಟಿ ಬರುತ್ತದೆ. ಪ್ರತಿಯೊಂದನ್ನೂ ಎಕ್ಸೆಪ್ಷನ್ ಹೌದೋ ಅಲ್ಲವೋ ಎಂದು ನೋಡಿಯೇ ಬಳಸಿ, ಇಲ್ಲವಾದರೆ ದೋಷಗಳು ಸದ್ದಿಲ್ಲದೆ ಮರೆಯಾಗುತ್ತವೆ. ಪೈಥಾನ್ 3.11ರಲ್ಲಿ ಬಂದ, ಟಾಸ್ಕ್‌ಗಳನ್ನು ಗುಂಪಾಗಿ ನಡೆಸುವ ಟಾಸ್ಕ್‌ಗ್ರೂಪ್ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಒಂದು ಟಾಸ್ಕ್ ಸೋತರೆ ಅದು ಉಳಿದವನ್ನೂ ರದ್ದುಮಾಡುತ್ತದೆ. ಇನ್ನೊಂದು ಎಚ್ಚರಿಕೆ: 404, 500ರಂತಹ ದೋಷದ ಸ್ಟೇಟಸ್ ಬಂದರೂ ಲೈಬ್ರರಿ ತಾನಾಗಿ ಎಕ್ಸೆಪ್ಷನ್ ಎತ್ತುವುದಿಲ್ಲ, ಅದಕ್ಕೆ ರೇಸ್ ಫಾರ್ ಸ್ಟೇಟಸ್ (raise_for_status) ಅನ್ನು ನೀವೇ ಕರೆಯಬೇಕು.

ಉತ್ತರ 3: ಟೈಮ್‌ಔಟ್ ಅನ್ನೂ ಒಮ್ಮೆ ಗಮನಿಸಿ. ಈ ಲೈಬ್ರರಿಯಲ್ಲಿ ಪೂರ್ವನಿಗದಿಯ ಒಟ್ಟು ಕಾಲಾವಧಿ 300 ಸೆಕೆಂಡ್, ಏಕಕಾಲದ ಸಂಪರ್ಕಗಳ ಮಿತಿ 100. ಸಂಪರ್ಕಕ್ಕಾಗಿ ಸಾಲಿನಲ್ಲಿ ಕಾಯುವ ಹೊತ್ತೂ ಆ 300 ಸೆಕೆಂಡಿನಲ್ಲೇ ಸೇರುವುದರಿಂದ, ಎದುರಿನ ಸರ್ವರ್ ನಿಧಾನವಾಗಿದ್ದಾಗ ಸಾಲಿನ ಕೊನೆಯಲ್ಲಿರುವ ರಿಕ್ವೆಸ್ಟ್‌ಗಳು ಹೊರಡುವ ಮೊದಲೇ ಅವಧಿ ಮೀರಿ ಸೋಲಬಹುದು. ನಾನು ಸೆಮಫೋರ್‌ನಿಂದ (ಏಕಕಾಲಕ್ಕೆ ನಡೆಯುವ ಕೆಲಸಗಳ ಸಂಖ್ಯೆಗೆ ತಡೆ ಹಾಕುವ ಸಾಧನ) ಹತ್ತಿಪ್ಪತ್ತಕ್ಕೆ ಮಿತಿ ಹಾಕಿ, ಅದರ ಒಳಗೆ ರಿಕ್ವೆಸ್ಟ್ ಆರಂಭಿಸುತ್ತೇನೆ. ಆಗ ಪ್ರತಿಯೊಂದರ ಕಾಲಗಣನೆ ಅದರ ಸರದಿ ಬಂದ ಮೇಲಷ್ಟೇ ಶುರುವಾಗುತ್ತದೆ.